ಬೂಮ್ ತಾನಾಗೇ ಇಳೀತಿದೆ, ಪೈಪ್ ಬೆವರ್ತಿದೆ. ನಾವೇ ಬಿಚ್ಚಬಹುದಾ?

ಅಡಿಕೆತೋಟ_ಹೊಳಲ್ಕೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಣ್ಣು ಅಗೆಯೋ 20 ಟನ್ನಿನ ಚೈನ್ ಗಾಡಿ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಊರಲ್ಲೆಲ್ಲ ಹಿಟಾಚಿ ಅಂತಾರೆ, ಕಂಪನಿ ಬೇರೆ. ಅವರ್ ಮೀಟರ್ 9000 ದಾಟಿದೆ. ಕೃಷಿ ಹೊಂಡ, ಕೆರೆ ಹೂಳು, ತೋಟದ ಬದು, ಇಂಥ ಕೆಲಸಕ್ಕೆ ಓಡಿಸ್ತೀವಿ.

ಈಗ ಎರಡು ತೊಂದರೆ. ಬೂಮ್, ಅಂದ್ರೆ ಗಾಡಿಯ ದೊಡ್ಡ ತೋಳು, ಎತ್ತಿ ನಿಲ್ಲಿಸಿದರೆ ಟೀ ಕುಡಿದು ಬರೋದ್ರೊಳಗೆ ಒಂದಡಿ ಇಳಿದಿರುತ್ತೆ. ಇನ್ನೊಂದು, ಬೂಮ್ ಬುಡದ ಹತ್ತಿರ ಒಂದು ಪೈಪ್ ಸದಾ ಎಣ್ಣೆ ಎಣ್ಣೆ. ಒರೆಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಬೆವರುತ್ತೆ. ದಾವಣಗೆರೆ ಮೇಸ್ತ್ರಿ ಸೋಮವಾರ ಬರ್ತೀನಿ ಅಂದಿದಾರೆ. ಆಪರೇಟರ್ ಹುಡುಗ ಅಲ್ಲಿವರೆಗೂ ಕಾಯೋದ್ಯಾಕೆ, "ಇಂಜಿನ್ ಆಫ್ ಮಾಡಿದ ಮೇಲೆ ಪ್ರೆಷರ್ ಎಲ್ಲಿರುತ್ತಣ್ಣ, ಪೈಪ್ ನಾನೇ ಬಿಚ್ಚಿ ಹಾಕ್ತೀನಿ" ಅಂತಾನೆ. ಹೊಸ ಪೈಪೂ ತಂದಿಟ್ಟಿದೀನಿ. ಬಿಡಲಾ, ಬೇಡವಾ?

ದುರ್ಗದ_ಫಿಟ್ಟರ್

ಇವತ್ತು ಬಿಡಬೇಡಿ. ಕಾರಣ ಹೇಳ್ತೀನಿ, ಅದನ್ನ ಹುಡುಗನಿಗೂ ಓದಿ ಹೇಳಿ.

ಇಂಜಿನ್ ನಿಂತರೆ ಪಂಪ್ ನಿಲ್ಲುತ್ತೆ, ಅಷ್ಟೇ. ಪ್ರೆಷರ್ ಇನ್ನೂ ಮೂರು ಕಡೆ ಕೂತಿರುತ್ತೆ. ಬೂಮ್ ನೆಲದಿಂದ ಮೇಲಿದ್ದರೆ ಬೂಮ್, ಆರ್ಮ್, ಬಕೆಟ್ ಮೂರರ ಭಾರವೂ ಸಿಲಿಂಡರ್ ಎಣ್ಣೆಯ ಮೇಲೇ ಇರುತ್ತೆ. ಆ ಲೈನಿನ ನಟ್ ಸಡಿಲ ಮಾಡಿದರೆ ಎಣ್ಣೆ ಚಿಮ್ಮೋದೂ ಬೂಮ್ ಬೀಳೋದೂ ಒಟ್ಟಿಗೇ ಆಗುತ್ತೆ. ಎರಡನೇದು ಪೈಲಟ್ ಲೈನಿನ, ಅಂದ್ರೆ ಜಾಯ್‌ಸ್ಟಿಕ್ಕಿನಿಂದ ವಾಲ್ವ್ ಆಡಿಸೋ ಸಣ್ಣ ಲೈನಿನ, ಅಕ್ಯುಮುಲೇಟರ್. ಇಂಜಿನ್ ನಿಂತ ಮೇಲೂ ಬಕೆಟ್ ಇಳಿಸೋಕೆ ಆಗಲಿ ಅಂತಲೇ ಅದನ್ನ ಇಟ್ಟಿರೋದು, ಅಂದ್ರೆ ಒಳಗೆ ಒತ್ತಡ ಹಿಡಿದಿಟ್ಟುಕೊಳ್ಳೋದೇ ಅದರ ಕೆಲಸ. ಮೂರನೇದು ಟ್ಯಾಂಕ್. ಬಿಸಿ ಎಣ್ಣೆ ಮೇಲೆ ಗಾಳಿ ಒತ್ತಿಕೊಂಡಿರುತ್ತೆ. ಕ್ಯಾಪ್ ತಟ್ಟನೆ ತಿರುಗಿಸಿದರೆ ಮುಖಕ್ಕೇ ಬರುತ್ತೆ.

ನಾವು ಮಾಡೋ ಕ್ರಮ ಇದು. ಗಾಡಿ ಗಟ್ಟಿಯಾದ ಸಮ ನೆಲದಲ್ಲಿ ನಿಲ್ಲಿಸಿ. ಆರ್ಮ್ ಚಾಚಿ, ಬಕೆಟ್ ಬೆನ್ನು ನೆಲಕ್ಕೆ ತಾಗಿಸಿ, ಬೂಮ್ ಪೂರ್ತಿ ಕೂರಿಸಿ. ಇಂಜಿನ್ ನಿಲ್ಲಿಸಿದ ತಕ್ಷಣ ಕೀ ಮತ್ತೆ ಆನ್‌ಗೆ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಸೇಫ್ಟಿ ಲಿವರ್ ಕೆಲಸದ ಸ್ಥಾನದಲ್ಲೇ ಇರಲಿ. ಈಗ ಎರಡೂ ಜಾಯ್‌ಸ್ಟಿಕ್ ನಾಲ್ಕೂ ದಿಕ್ಕಿಗೆ ಪೂರ್ತಿ ಹಲವು ಸಲ ಆಡಿಸಿ, ಟ್ರ್ಯಾಕ್ ಪೆಡಲ್ ಕೂಡ. ತುಂಬಾ ಜನ ಸೇಫ್ಟಿ ಲಿವರ್ ಲಾಕ್ ಮಾಡಿಕೊಂಡು ಸ್ಟಿಕ್ ಆಡಿಸ್ತಾರೆ. ಹಾಗೆ ಮಾಡಿದರೆ ಪೈಲಟ್ ಎಣ್ಣೆ ಸ್ಪೂಲ್‌ಗೆ (ವಾಲ್ವ್ ಒಳಗೆ ಸರಿದು ಎಣ್ಣೆಗೆ ದಾರಿ ಬಿಡೋ ಕಡ್ಡಿ) ಹೋಗೋದೇ ಇಲ್ಲ, ಸಿಲಿಂಡರ್ ಲೈನ್ ಖಾಲಿ ಆಗಲ್ಲ, ಮನಸ್ಸಿಗೆ ಸಮಾಧಾನ ಮಾತ್ರ ಆಗುತ್ತೆ. ಆಮೇಲೆ ಲಿವರ್ ಲಾಕ್, ಕೀ ಆಫ್. ಎಣ್ಣೆ ಬಿಸಿ ಇದ್ದರೆ ಆರೋವರೆಗೂ ಕಾಯಿರಿ, ಕೈಯಲ್ಲಿ ಟ್ಯಾಂಕ್ ಮುಟ್ಟೋ ಹಾಗೆ ಆಗಬೇಕು. ಆಮೇಲೆ ಟ್ಯಾಂಕ್ ಮೇಲಿನ ಬ್ರೀದರ್ ಬಟನ್ ಒತ್ತಿ ಗಾಳಿ ಬಿಡಿ. ಕೀ ಬಿಚ್ಚೋನ ಜೇಬಿನಲ್ಲೇ ಇರಬೇಕು, ಮಾಲೀಕರ ಜೇಬಿನಲ್ಲಲ್ಲ.

ನಟ್ ಬಿಚ್ಚುವಾಗ ಮುಖ ಎದುರಿಗಿಡಬೇಡಿ. ಪಕ್ಕದಲ್ಲಿ ನಿಂತು ಅರ್ಧ ಸುತ್ತು ಸಡಿಲಿಸಿ ಕಾಯಿರಿ. ಎಣ್ಣೆ ತೊಟ್ಟಿಕ್ಕಿದರೆ ಸರಿ. ಸುಯ್ ಅಂದರೆ ಅಲ್ಲೇ ನಿಲ್ಲಿಸಿ, ಇನ್ನೂ ಎಲ್ಲೋ ಪ್ರೆಷರ್ ಇದೆ ಅಂತ ಅರ್ಥ. ಬೂಮ್ ಸಿಲಿಂಡರ್‌ಗೆ ಹೋಲ್ಡಿಂಗ್ ವಾಲ್ವ್ (ಬೂಮ್ ತಾನಾಗಿ ಇಳಿಯದ ಹಾಗೆ ಎಣ್ಣೆ ತಡೆಯೋದು) ಇರೋ ಗಾಡಿಯಲ್ಲಿ ಸ್ಟಿಕ್ ಆಡಿಸಿದ ಮೇಲೂ ವಾಲ್ವ್‌ಗೂ ಸಿಲಿಂಡರ್‌ಗೂ ನಡುವೆ ಎಣ್ಣೆ ಬಿಗಿಯಾಗಿ ಉಳಿದಿರಬಹುದು. ನಿಮ್ಮ ಗಾಡಿಯ ಪುಸ್ತಕದಲ್ಲಿ ಅದಕ್ಕೆ ಬೇರೆ ಕ್ರಮ ಇದ್ದೇ ಇರುತ್ತೆ, ಅದನ್ನ ನೋಡದೆ ಮುಟ್ಟಬೇಡಿ.

ಚಳ್ಳಕೆರೆ_ಆಪರೇಟರ್

ಫಿಟ್ಟರಣ್ಣ, ಇಷ್ಟೆಲ್ಲ ಪೂಜೆ ಮಾಡಿ ಪೈಪ್ ಬಿಚ್ಚೋಕೆ ಸೈಟಲ್ಲಿ ಯಾರು ಬಿಡ್ತಾರೆ? ಬಾಡಿಗೆ ಗಂಟೆ ಲೆಕ್ಕ. ಅರ್ಧ ಗಂಟೆ ಗಾಡಿ ನಿಂತರೆ ಫೋನ್ ಮೇಲೆ ಫೋನ್. ನಾವೆಲ್ಲ ಲೀಕ್ ಹುಡುಕೋದು ಗಾಡಿ ಚಾಲೂ ಇಟ್ಟು ಪೈಪ್ ಉದ್ದಕ್ಕೂ ಕೈ ಸವರಿಯೇ. ಎಲ್ಲಿ ಒದ್ದೆ ಅಲ್ಲಿ ಲೀಕ್. ಕೈಗೇನೂ ಆಗಿಲ್ಲ ಇವತ್ತಿನವರೆಗೂ.

ಸರ್ಜರಿ_ವಾರ್ಡ್_ದಾವಣಗೆರೆ

ಚಳ್ಳಕೆರೆಯವರೇ, ದಯವಿಟ್ಟು ಇದನ್ನು ಇವತ್ತಿಗೇ ಬಿಡಿ. ನಾನು ಮೆಕ್ಯಾನಿಕ್ ಅಲ್ಲ, ಕೈ ಆಪರೇಷನ್ ಮಾಡುವ ವಿಭಾಗದಲ್ಲಿ ಕೆಲಸ ಮಾಡುವವನು.

ಪೈಪಿನಲ್ಲಿ ಸೂಜಿ ಮೊನೆಯಷ್ಟು ತೂತಾಗಿದ್ದರೆ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿ ಬರುತ್ತದೆ. ಚರ್ಮ ಭೇದಿಸಲು 7 ಬಾರ್ ಸುಮಾರಿನ ಒತ್ತಡವೇ ಸಾಕು ಎನ್ನುತ್ತದೆ ವೈದ್ಯಕೀಯ ಸಾಹಿತ್ಯ. ನಿಮ್ಮ ಯಂತ್ರಗಳಲ್ಲಿ ಇರುವುದು 300ಕ್ಕೂ ಹೆಚ್ಚು. ಎಣ್ಣೆ ಬೆರಳಿನೊಳಗೆ ಹೊಕ್ಕು ಸ್ನಾಯುರಜ್ಜಿನ ಕವಚದ ಉದ್ದಕ್ಕೂ ಅಂಗೈವರೆಗೆ, ಕೆಲವೊಮ್ಮೆ ಮುಂಗೈವರೆಗೆ ಹರಡುತ್ತದೆ. ಹೊರಗೆ ಕಾಣುವುದು ಒಂದು ಚುಕ್ಕೆ ಮಾತ್ರ. ರಕ್ತವೂ ಬರದಿರಬಹುದು. ಮೊದಲ ಒಂದೆರಡು ಗಂಟೆ ನೋವೂ ಅಷ್ಟಾಗಿ ಇರುವುದಿಲ್ಲ, ಸ್ವಲ್ಪ ಜೋಮು ಹಿಡಿದಂತೆ ಅನ್ನಿಸಬಹುದು. ಹಾಗಾಗಿ ಜನ ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸುತ್ತಾರೆ. ರಾತ್ರಿ ಬೆರಳು ಊದಿ, ಬಿಳಿಚಿ, ಬಡಿತದ ನೋವು ಶುರುವಾದಾಗ ಬರುತ್ತಾರೆ. ಅಷ್ಟರಲ್ಲಿ ಒಳಗಿನ ರಕ್ತನಾಳಗಳು ಒತ್ತಿಹೋಗಿ, ಎಣ್ಣೆಯ ರಾಸಾಯನಿಕದಿಂದ ಅಂಗಾಂಶ ಸಾಯಲು ಆರಂಭವಾಗಿರುತ್ತದೆ. ಬೆರಳು ಕತ್ತರಿಸಬೇಕಾದ ಪ್ರಕರಣಗಳು ಅಪರೂಪವಲ್ಲ. ಹೆಚ್ಚಿನವರಿಗೆ ಪೆಟ್ಟಾಗುವುದು ಎಡಗೈ ತೋರುಬೆರಳಿಗೆ, ಬಲಗೈಯಲ್ಲಿ ಉಪಕರಣ ಇರುತ್ತದಲ್ಲ.

ಹೀಗಾದರೆ ಕೈ ಎತ್ತರಿಸಿ ಹಿಡಿದು ನೇರ ಆಸ್ಪತ್ರೆಗೆ ಹೊರಡಿ. ಒತ್ತಿ ಎಣ್ಣೆ ತೆಗೆಯಲು ಹೋಗಬೇಡಿ, ಬಿಸಿ ಶಾಖ ಕೊಡಬೇಡಿ. ಆಪರೇಷನ್ ಬೇಕಾಗುವುದರಿಂದ ದಾರಿಯಲ್ಲಿ ಏನೂ ತಿನ್ನಬೇಡಿ, ಕುಡಿಯಬೇಡಿ. ಮೊದಲ 6 ಗಂಟೆ ಬಹಳ ಮುಖ್ಯ. ಎಣ್ಣೆ ಡಬ್ಬದ ಲೇಬಲ್ಲಿನ ಫೋಟೋ ತನ್ನಿ, ಯಾವ ಎಣ್ಣೆ ಎಂದು ಗೊತ್ತಾದರೆ ಚಿಕಿತ್ಸೆಗೆ ಸಹಾಯ. ಊರಿನ ಕ್ಲಿನಿಕ್‌ನಲ್ಲಿ "ಸಣ್ಣ ಗಾಯ" ಎಂದು ಟಿಟಿ ಕೊಟ್ಟು ಕಳುಹಿಸುವ ಸಾಧ್ಯತೆ ಇದೆ. ಅಲ್ಲಿ ಹೇಳಬೇಕಾದ ಮಾತು ಒಂದೇ: "ಹೆಚ್ಚಿನ ಒತ್ತಡದ ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ." ಮೂಳೆ ಅಥವಾ ಪ್ಲಾಸ್ಟಿಕ್ ಸರ್ಜನ್ ಇರುವ ಕಡೆಗೇ ಹೋಗಬೇಕು. ಈ ಭಾಗದವರಿಗೆ ದಾವಣಗೆರೆಯ ದೊಡ್ಡ ಆಸ್ಪತ್ರೆಗಳೇ ಹತ್ತಿರ. ದುರ್ಗದಿಂದ ಬೆಂಗಳೂರು 200 ಕಿ.ಮೀ., ಅಷ್ಟು ದೂರ ಓಡುವ ಮುನ್ನ ಇಲ್ಲಿ ತೋರಿಸಿ.

ಚಳ್ಳಕೆರೆ_ಆಪರೇಟರ್

ಡಾಕ್ಟ್ರೇ, ಗ್ಲೌಸ್ ಹಾಕ್ಕೊಂಡ್ರೆ?

ಸರ್ಜರಿ_ವಾರ್ಡ್_ದಾವಣಗೆರೆ

ಚರ್ಮದ ಗ್ಲೌಸನ್ನೂ ದಾಟುತ್ತದೆ. ಬಿಸಿ ಮತ್ತು ಗೀರಿನಿಂದ ಕಾಪಾಡುವುದಕ್ಕೆ ಗ್ಲೌಸ್ ಇರಲಿ, ಇದಕ್ಕೆ ಅದು ಲೆಕ್ಕಕ್ಕಿಲ್ಲ.

ದುರ್ಗದ_ಫಿಟ್ಟರ್

ರಟ್ಟು ಹಿಡೀರಿ. ಫಿಲ್ಟರ್ ಬಂದ ಡಬ್ಬದ ರಟ್ಟೇ ಸಾಕು, ಆದರೆ ಕೈ ದೂರ ಇರಬೇಕು, ಉದ್ದನೆ ಕೋಲಿಗೆ ಸಿಕ್ಕಿಸಿಕೊಂಡರೆ ಇನ್ನೂ ಒಳ್ಳೇದು. ಪೈಪ್ ಉದ್ದಕ್ಕೂ ನಿಧಾನಕ್ಕೆ ಸರಿಸಿಕೊಂಡು ಹೋದರೆ ತೂತಿರೋ ಕಡೆ ರಟ್ಟು ಒದ್ದೆ ಆಗುತ್ತೆ, ಇಲ್ಲಾ ಕತ್ತರಿಸಿದ ಹಾಗೆ ಗೆರೆ ಬೀಳುತ್ತೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಹೊಳಲ್ಕೆರೆಯವರೇ, ನಿಮ್ಮ ಬೆವರೋ ಪೈಪಿಗೂ ಇದನ್ನೇ ಮಾಡಿ. ಹುಡುಗನ ಕೈ ಅದರ ಮೇಲೆ ಹೋಗಬಾರದು.

ಇನ್ನೊಂದು ಮಾತು, ಯಾರೂ ಕೇಳದಿದ್ದರೂ ಹೇಳ್ತೀನಿ. ಎಣ್ಣೆ ಮಂಜಿನ ಹಾಗೆ ಟರ್ಬೋ ಕಡೆ ಚಿಮ್ಮಿದರೆ ಬೆಂಕಿ. ಲೋಡಿನಲ್ಲಿ ಟರ್ಬೋ ಮೈ 400 ಡಿಗ್ರಿ ದಾಟುತ್ತೆ. ಪಂಪಿನ ಹತ್ತಿರದ ಪೈಪ್ ಒದ್ದೆ ಇದೆ, ನಾಳೆ ನೋಡೋಣ ಅಂತ ಓಡಿಸೋರು ಕ್ಯಾಬಿನ್ನಲ್ಲಿ ಬೆಂಕಿ ನಂದಿಸೋ ಸಿಲಿಂಡರ್ ಆದರೂ ಇಟ್ಟುಕೊಳ್ಳಿ.

ಹೋಸ್_ಕ್ರಿಂಪಿಂಗ್_ದಾವಣಗೆರೆ

ಹೊಳಲ್ಕೆರೆ ಸರ್, ತಂದಿಟ್ಟಿರೋ ಪೈಪಿನ ಮೈಮೇಲೆ ಏನು ಬರೆದಿದೆ ಓದಿ ಹೇಳ್ರಿ.

ಅಡಿಕೆತೋಟ_ಹೊಳಲ್ಕೆರೆ

2ಎಸ್‌ಎನ್, 3/4, 215 ಬಾರ್ ಅಂತಿದೆ. ಹಳೇದರ ಮೇಲಿನ ಅಕ್ಷರ ಅಳಿಸಿಹೋಗಿದೆ. ಅಂಗಡಿಯವರು ಹಳೇ ಪೈಪಿನ ದಪ್ಪ, ಉದ್ದ ಅಳೆದು ಅದೇ ಸೈಜಿಗೆ ಮಾಡಿಕೊಟ್ರು.

ಹೋಸ್_ಕ್ರಿಂಪಿಂಗ್_ದಾವಣಗೆರೆ

ಹಾಕಬ್ಯಾಡ್ರಿ. ಬೂಮ್ ಲೈನಿಗೆ ಅದು ನಡೆಯಲ್ಲ. 20 ಟನ್ ಗಾಡಿಗಳಲ್ಲಿ ಮೇನ್ ರಿಲೀಫ್, ಅಂದ್ರೆ ಒತ್ತಡ ಮಿತಿ ದಾಟದ ಹಾಗೆ ಎಣ್ಣೆ ಬಿಡೋ ವಾಲ್ವ್, ಸಾಮಾನ್ಯವಾಗಿ 340-350 ಬಾರ್ ಸುತ್ತ ಇರುತ್ತೆ. 215ರ ಪೈಪ್ ಹಾಕಿದರೆ ಮೊದಲ ಗಟ್ಟಿ ಕಲ್ಲಿಗೇ ಒಡೀತು ಅಂತ ನಾನು ಹೇಳಲ್ಲ, ಯಾಕಂದ್ರೆ ಪೈಪ್ ಒಡೆಯೋ ಒತ್ತಡ ಅದರ ಮೈಮೇಲೆ ಬರೆದಿದ್ದರ 4 ಪಟ್ಟು ಇರೋ ಹಾಗೆ ಮಾಡಿರ್ತಾರೆ. ಅದಕ್ಕೇ ಜನ ಮೋಸ ಹೋಗೋದು. ಹಾಕಿದ ದಿನ ಚೆನ್ನಾಗೇ ಓಡುತ್ತೆ. ಒಳಗಿನ ತಂತಿ ಪ್ರತಿ ಸಲ ಎತ್ತಿದಾಗಲೂ ದಣಿದು ಒಂದು ದಿನ ಫಿಟ್ಟಿಂಗ್ ಬಾಯಿಂದಲೇ ಕಿತ್ತುಕೊಂಡು ಬರುತ್ತೆ.

2ಎಸ್‌ಎನ್ ಅಂದ್ರೆ ಒಳಗೆ ಎರಡು ಪದರ ಹೆಣೆದ ಸ್ಟೀಲ್ ತಂತಿ. ಅದೇ 2ಎಸ್‌ಎನ್ ಕಾಲಿಂಚಿನ ಪೈಪಾದರೆ 400 ಬಾರ್ ತಡೀತದೆ, ಅರ್ಧ ಇಂಚಾದರೆ 275, ಮುಕ್ಕಾಲಿಂಚಿಗೆ 215, ಒಂದಿಂಚಿಗೆ 165. ಪೈಪ್ ದಪ್ಪ ಆದಂತೆ ತಡೆಯೋ ಶಕ್ತಿ ಕಡಿಮೆ. ದಪ್ಪ ಇದ್ದರೆ ಗಟ್ಟಿ ಅಂತ ತಿಳ್ಕೊಂಡು ಬರೋರೇ ಜಾಸ್ತಿ. ನಿಮಗೆ ಬೇಕಿರೋದು ನಾಲ್ಕು ಪದರ ಸುತ್ತಿದ 4ಎಸ್‌ಪಿ ಇಲ್ಲಾ 4ಎಸ್‌ಎಚ್. ಮುಕ್ಕಾಲಿಂಚಿನ 4ಎಸ್‌ಪಿ 350, 4ಎಸ್‌ಎಚ್ 420 ಬಾರ್. ನನ್ನ ಕೇಳಿದರೆ 4ಎಸ್‌ಎಚ್. ಫಿಟ್ಟಿಂಗೂ ಅದಕ್ಕೇ ಬೇರೆ ಬರ್ತದೆ. ಒಳಗಿನ ರಬ್ಬರ್ ಕೂಡ ಕೆರೆದು ತಂತಿ ಮೇಲೇ ಕಚ್ಚೋ ಹಾಗೆ ಕ್ರಿಂಪ್ ಮಾಡ್ತೀವಿ. ಹಳೇ ಫಿಟ್ಟಿಂಗ್ ಕೊಯ್ದು ತೆಗೆದು ಹೊಸ ಪೈಪಿಗೆ ಹಾಕಿಕೊಡಿ ಅಂತ ಯಾರೇ ಕೇಳಿದರೂ ನಾನು ಮಾಡಲ್ಲ.

ಮೈಮೇಲೆ ತಾರೀಖೂ ಇರುತ್ತೆ. 3ಕ್ಯೂ19 ಅಂದರೆ 2019ರ ಮೂರನೇ ತ್ರೈಮಾಸಿಕ. ಅಂಗಡಿ ಮೂಲೆಯಲ್ಲಿ ಬಿಸಿಲು ತಿಂದ ಪೈಪ್ ಹೊಸದಲ್ಲ, ಬಳಸಿಲ್ಲ ಅಷ್ಟೇ. ಹಳೇ ಪೈಪ್ ಬೆವರ್ತಿದೆ ಅಂದ್ರಲ್ಲ, ಬೂಮ್ ಬುಡದಲ್ಲಿ ಅದು ಎಲ್ಲಾದರೂ ಕಬ್ಬಿಣಕ್ಕೆ ಉಜ್ಜುತ್ತಾ ನೋಡ್ರಿ. ಕ್ಲಾಂಪ್ ಹೋಗಿದ್ದರೆ ಹೊಸ ಪೈಪಿನ ಕಥೆಯೂ ಅದೇ.

ಅಡಿಕೆತೋಟ_ಹೊಳಲ್ಕೆರೆ

ಕ್ಲಾಂಪ್ ಇಲ್ಲ! ಬೈಂಡಿಂಗ್ ವೈರ್ ಸುತ್ತಿದಾರೆ. ಹಳೇ ಮಾಲೀಕರ ಕಾಲದ್ದು ಅನ್ಸುತ್ತೆ.

ದುರ್ಗದ_ಫಿಟ್ಟರ್

ಸಿಕ್ಕಿತಲ್ಲ ಕಳ್ಳ.

ಹರಿಹರ_ಪಾಲಿಟೆಕ್ನಿಕ್_ಮೇಷ್ಟ್ರು

ಪೈಪಿನ ವಿಷಯ ಮುಗಿಯಿತು. ಬೂಮ್ ಇಳಿಯುವುದರ ಬಗ್ಗೆ ಯಾರೂ ಮಾತಾಡಲಿಲ್ಲ.

ಬೂಮ್ ಇಳಿದರೆ ಎಲ್ಲರೂ ಮೊದಲು ಸೀಲ್ ಕಿಟ್ (ಸಿಲಿಂಡರಿನಲ್ಲಿ ಎಣ್ಣೆ ತಡೆಯುವ ಬಳೆಗಳು) ತರುತ್ತಾರೆ. ತರಗತಿಯಲ್ಲಿ ನಾನು ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳುತ್ತೇನೆ. ಪಿಸ್ಟನ್ ಸೀಲ್ ಪೂರ್ತಿ ಹಾಳಾಗಿದೆ, ಆದರೆ ಸಿಲಿಂಡರಿನ ಎರಡೂ ಪೋರ್ಟ್, ಅಂದರೆ ಎಣ್ಣೆ ಬಂದುಹೋಗುವ ಬಾಯಿ, ಬಿಗಿಯಾಗಿ ಮುಚ್ಚಿವೆ. ಬೂಮ್ ನೆಲದವರೆಗೂ ಇಳಿಯುತ್ತದೆಯೇ? ಇಳಿಯುವುದಿಲ್ಲ. ಕೆಳಗಿನ ಎಣ್ಣೆ ಪಿಸ್ಟನ್ ದಾಟಿ ರಾಡ್ ಇರುವ ಕಡೆಗೆ ಹೋಗಬಹುದು. ಆದರೆ ರಾಡ್ ಒಳಗೆ ಸರಿದಷ್ಟೂ ಅದೇ ಜಾಗ ಆಕ್ರಮಿಸುತ್ತದೆ, ಎಣ್ಣೆಗೆ ಉಳಿಯುವ ಒಟ್ಟು ಜಾಗ ಕಡಿಮೆಯಾಗುತ್ತದೆ. ಎಣ್ಣೆ ಕುಗ್ಗುವುದು ಅತ್ಯಲ್ಪ. ಆದ್ದರಿಂದ ಸ್ವಲ್ಪ ಇಳಿದು ನಿಲ್ಲಬೇಕು. ಬಿಡದೆ ಇಳಿಯುತ್ತಲೇ ಇದೆ ಎಂದರೆ ಎಣ್ಣೆ ಸಿಲಿಂಡರಿನಿಂದ ಹೊರಗೆ ಹೋಗುತ್ತಿದೆ: ಕಂಟ್ರೋಲ್ ವಾಲ್ವಿನ ಸ್ಪೂಲ್ ಸವೆದಿದೆ, ಹೋಲ್ಡಿಂಗ್ ವಾಲ್ವ್ ಕೂರುತ್ತಿಲ್ಲ, ಅಥವಾ ಪೋರ್ಟ್ ರಿಲೀಫ್‌ನಲ್ಲಿ ಕಸ ಸಿಕ್ಕಿದೆ.

ಇದರಲ್ಲಿ ಸುರಕ್ಷತೆಯ ವಿಷಯವೂ ಇದೆ. ಸೀಲ್ ಹೋಗಿ ಪೋರ್ಟ್ ಮುಚ್ಚಿದಾಗ ಭಾರ ಹೊರುವುದು ರಾಡಿನ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ. ಬೋರ್ (ಸಿಲಿಂಡರಿನ ಒಳವ್ಯಾಸ) 120 ಮಿ.ಮೀ., ರಾಡ್ 85 ಮಿ.ಮೀ. ಎಂದುಕೊಳ್ಳಿ. 120ರ ವರ್ಗವನ್ನು 85ರ ವರ್ಗದಿಂದ ಭಾಗಿಸಿದರೆ ಸುಮಾರು 2. ಅಂದರೆ ಬೂಮ್ ಸುಮ್ಮನೆ ನಿಂತಿದ್ದಾಗಲೇ ಒಳಗಿನ ಒತ್ತಡ ಎರಡರಷ್ಟಾಗುತ್ತದೆ, ಅದೂ ನಿಂತಿದ್ದಾಗ ಒತ್ತಡ ಇರಬಾರದ ರಾಡ್ ಕಡೆಯ ಪೈಪಿನಲ್ಲಿ. "ಈ ಪೈಪಿನಲ್ಲಿ ಏನಿರುತ್ತೆ, ಬೂಮ್ ಇಳಿಸೋ ಲೈನ್ ತಾನೇ" ಎಂದು ಬಿಚ್ಚುವವರು ಇದನ್ನು ನೆನಪಿಡಬೇಕು.

ದುರ್ಗದ_ಫಿಟ್ಟರ್

ಮೇಷ್ಟ್ರ ಲೆಕ್ಕ ಸರಿ. ಆದರೆ 9000 ಗಂಟೆ ಓಡಿದ ಗಾಡಿಯಲ್ಲಿ ಸೀಲೂ ಸವೆದಿರುತ್ತೆ, ವಾಲ್ವೂ ಸವೆದಿರುತ್ತೆ, ಸಾರ್. ಎರಡೂ ಸೇರಿ ಆಟ ಆಡ್ತವೆ. ಯಾವುದು ಹೆಚ್ಚು ಅಂತ ಬಿಚ್ಚದೇ ತಿಳಿಯೋ ದಾರಿ ಇದೆ.

ಎಣ್ಣೆ ಕೆಲಸದ ಬಿಸಿಗೆ ಬಂದಿರಲಿ. ಸುತ್ತ ಬೂಮ್, ಆರ್ಮ್ ತಲುಪೋ ದೂರದಲ್ಲಿ ಯಾರೂ ಇರಬಾರದು, ನೋಡೋಕೂ ಹತ್ತಿರ ಬರಬಾರದು. ಬೂಮ್ ಸ್ವಲ್ಪ ಎತ್ತಿ ಇಂಜಿನ್ ಆಫ್ ಮಾಡಿ. ಇಳಿಯೋ ವೇಗ ಕ್ಯಾಬಿನ್ನಿಂದಲೇ ಗಮನಿಸಿ. ಈಗ ಕೀ ಆನ್ ಮಾಡಿ ಸ್ಟಿಕ್ಕನ್ನ ಬೂಮ್ ಎತ್ತೋ ಕಡೆ ಹಿಡೀರಿ. ಇಳಿಯೋದು ಜೋರಾದರೆ ಸಿಲಿಂಡರ್ ಸೀಲ್. ವ್ಯತ್ಯಾಸ ಇಲ್ಲ ಅಂದ್ರೆ ವಾಲ್ವ್ ಕಡೆ. ಯಾಕೆ ಅಂತ ಮೇಷ್ಟ್ರು ಹೇಳಲಿ.

ಹರಿಹರ_ಪಾಲಿಟೆಕ್ನಿಕ್_ಮೇಷ್ಟ್ರು

ಎತ್ತುವ ಸ್ಥಾನದಲ್ಲಿ ಸ್ಪೂಲ್ ರಾಡ್ ಕಡೆಯ ಪೋರ್ಟನ್ನು ಟ್ಯಾಂಕಿಗೆ ತೆರೆಯುತ್ತದೆ. ಪಿಸ್ಟನ್ ದಾಟಿ ಬಂದ ಎಣ್ಣೆಗೆ ದಾರಿ ಸಿಗುತ್ತದೆ, ಬೇಗ ಇಳಿಯುತ್ತದೆ. ಪರೀಕ್ಷೆ ಸೊಗಸಾಗಿದೆ, ನನ್ನ ಪ್ರಶ್ನೆಪತ್ರಿಕೆಗೆ ಹಾಕಿಕೊಳ್ಳುತ್ತೇನೆ.

ಕ್ವಾರಿ_ಸೂಪರ್‌ವೈಸರ್

ಇಷ್ಟೆಲ್ಲ ಯಾಕೆ? ರಿಲೀಫ್ ವಾಲ್ವ್ ಒಂದೆರಡು ಸುತ್ತು ಟೈಟ್ ಮಾಡಿದರೆ ಗಾಡಿ ಪವರ್ ಬರುತ್ತೆ. ನಮ್ಮಲ್ಲಿ ಎಲ್ಲ ಅದನ್ನೇ ಮಾಡೋದು.

ದುರ್ಗದ_ಫಿಟ್ಟರ್

ಬೂಮ್ ಇಳಿಯೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದಿರಲಿ, ಗೇಜ್ ಹಾಕದೆ ಆ ಸ್ಕ್ರೂ ಮುಟ್ಟೋರನ್ನ ನಾನು ಗಾಡಿ ಹತ್ತಿರ ಬಿಡಲ್ಲ. ಪಂಪ್, ಪೈಪ್, ಸಿಲಿಂಡರ್, ವೆಲ್ಡಿಂಗ್ ಎಲ್ಲದರ ಲೆಕ್ಕವೂ ಆ ಒತ್ತಡಕ್ಕೇ ಕಟ್ಟಿರೋದು. ಪವರ್ ಕಮ್ಮಿ ಆಗಿದೆ ಅಂದ್ರೆ ಪಂಪ್ ಸವೆದಿದೆ, ಇಲ್ಲಾ ಸಕ್ಷನ್ ಸ್ಟ್ರೈನರ್ ಕಟ್ಟಿದೆ, ಇಲ್ಲಾ ಎಣ್ಣೆ ಕಾದು ನೀರಾಗಿದೆ. ಸ್ಕ್ರೂ ತಿರುಗಿಸಿದರೆ ರೋಗ ಮುಚ್ಚಿಹೋಗುತ್ತೆ, ಒಡೆಯೋದು ಮಾತ್ರ ಬೇರೆ ಕಡೆ.

ಕ್ವಾರಿ ಅಂದ್ರಲ್ಲ, ಕಲ್ಲು ಒಡೆಯೋ ಬ್ರೇಕರ್ ಇಟ್ಟಿರ್ತೀರಿ. ಅದರ ಗ್ಯಾಸ್ ಯಾರು ತುಂಬ್ತಾರೆ? ಬ್ರೇಕರ್ ಆಗಲಿ ಅಕ್ಯುಮುಲೇಟರ್ ಆಗಲಿ, ಒಳಗೆ ಹೋಗಬೇಕಾದ್ದು ಒಣ ನೈಟ್ರೋಜನ್ ಮಾತ್ರ. ವೆಲ್ಡಿಂಗ್ ಶೆಡ್ಡಿನ ಆಕ್ಸಿಜನ್ ಸಿಲಿಂಡರ್ ಹತ್ತಿರದಲ್ಲೇ ಇದೆ ಅಂತ ಅದನ್ನ ಜೋಡಿಸಿದರೆ, ಒತ್ತಡದ ಆಕ್ಸಿಜನ್‌ಗೆ ಎಣ್ಣೆ ತಾಗಿದರೆ ಸಾಕು, ಸ್ಫೋಟ. ಗಾಳಿಯೂ ಬೇಡ.

ಕ್ವಾರಿ_ಸೂಪರ್‌ವೈಸರ್

ಗ್ಯಾಸ್ ಕಂಪನಿಯವರೇ ಬಂದು ತುಂಬೋದು, ಅಷ್ಟು ದಡ್ಡರಲ್ಲ ನಾವು. ರಿಲೀಫ್ ವಿಷಯ ಇಂಜಿನಿಯರ್ ಹತ್ರ ಕೇಳ್ತೀನಿ.

ಜಗಳೂರು_ಟಿಪ್ಪರ್

ಎಲ್ಲರೂ ಚೈನ್ ಗಾಡಿ ಬಗ್ಗೆಯೇ ಹೇಳ್ತೀರಿ, ಟಿಪ್ಪರ್ ಜಾಕ್ ಬಗ್ಗೆ ನಾನು ಹೇಳ್ತೀನಿ. ನಮ್ಮ ಕಡೆ ಒಂದು ಸೈಟಲ್ಲಿ ನೋಡಿದ್ದು. ಟ್ರಾಲಿ ಎತ್ತಿ ಬಿಟ್ಟು, ಜಾಕಿನ ಪೈಪ್ ಲೀಕ್ ಅಂತ ಕ್ಲೀನರ್ ಚಾಸಿ ಮೇಲೆ ಬಗ್ಗಿ ಪಾನಾ ಹಾಕ್ತಿದ್ದ. ಡ್ರೈವರ್ ಕ್ಯಾಬಿನ್ನಲ್ಲಿ ಫೋನಲ್ಲಿದ್ದ. ಪಕ್ಕದ ಗಾಡಿಯ ಹಿರೀಕ ಒಬ್ಬರು ಓಡಿಬಂದು ಹುಡುಗನ ಕಾಲರ್ ಹಿಡಿದು ಎಳೆದರು. ಆಮೇಲೆ ಪ್ರಾಪ್ (ಆಸರೆ ಕಂಬ) ಕೊಟ್ಟು, ಅವರೇ ಹೊರಗೆ ನಿಂತು ನಟ್ ಸಡಿಲಿಸಿದಾಗ ಟ್ರಾಲಿ ಪ್ರಾಪ್ ಮೇಲೆ ಧಡ್ ಅಂತ ಕೂತಿತು. ಎಣ್ಣೆ ಹೋದ ಮೇಲೆ ನಿಧಾನಕ್ಕೆ ಇಳಿಯುತ್ತೆ ಅಂತ ತಿಳ್ಕೊಂಡೋರು ಆ ಸದ್ದು ಕೇಳಬೇಕಿತ್ತು.

ಟ್ರಾಲಿ ಖಾಲಿ ಇರಬೇಕು. ಗಾಡಿ ಜೊತೆ ಬರೋ ಕಬ್ಬಿಣದ ಪ್ರಾಪ್ ಕೊಡದೆ ತಲೆ ಒಳಗೆ ಹಾಕಬಾರದು. ಮರದ ತುಂಡು, ಜಾಕಿ, ಇನ್ನೊಬ್ಬನ ಮಾತು ಇವು ಯಾವುದೂ ಪ್ರಾಪ್ ಅಲ್ಲ.

ಚಳ್ಳಕೆರೆ_ಆಪರೇಟರ್

ಜೆಸಿಬಿ ಮುಂದಿನ ಲೋಡರಿಗೂ ಕೆಂಪು ಪ್ರಾಪ್ ಬರುತ್ತೆ, ಸಿಲಿಂಡರ್ ರಾಡ್ ಮೇಲೆ ಕೂರಿಸೋದು. ಎಷ್ಟೋ ಗಾಡಿಗಳಲ್ಲಿ ಅದು ಬಿಚ್ಚಿ ಮನೆ ಹಿತ್ತಲಲ್ಲಿ ಬಿದ್ದಿರುತ್ತೆ. ನಾನು ಮುಂದೆ ರಟ್ಟು ಹಿಡೀತೀನಿ ಡಾಕ್ಟ್ರೇ, ಆಯ್ತು. ಆದರೆ ಮಾಲೀಕರಿಗೂ ಯಾರಾದ್ರೂ ಹೇಳಿ. ಗಾಡಿ ನಿಲ್ಲಿಸಿ ನೋಡು ಅನ್ನೋ ಮಾಲೀಕ ಸಿಕ್ಕಿದರೆ ಕೈ ಸವರೋ ಹುಡುಗ ಯಾಕೆ ಇರ್ತಾನೆ?

ಅಡಿಕೆತೋಟ_ಹೊಳಲ್ಕೆರೆ

ಚಳ್ಳಕೆರೆಯವರ ಮಾತು ನನಗೇ ಹೇಳಿದ ಹಾಗಿದೆ, ಒಪ್ಪಿಕೊಂಡೆ. ಗಾಡಿ ನಿಲ್ಲಿಸಿದೀನಿ, ಹೊಂಡ ಒಂದು ವಾರ ತಡವಾದರೆ ಮಳೆಯೇನೂ ನಾಳೆ ಬರ್ತಿಲ್ಲ.

ಫಿಟ್ಟರ್ ಹೇಳಿದ ಪರೀಕ್ಷೆ ಮಾಡಿಸಿದೆ. ಸ್ಟಿಕ್ ಎತ್ತೋ ಕಡೆ ಹಿಡಿದಾಗಲೂ ಇಳಿಯೋ ವೇಗ ಹಾಗೇ ಇತ್ತು. ವಾಲ್ವ್ ಅಂತ ಮೇಸ್ತ್ರಿಗೆ ಫೋನಲ್ಲಿ ಹೇಳಿದೆ, ಸೀಲ್ ಕಿಟ್ ತರೋದು ಬೇಡ ಅಂದ್ರು. ಪೈಪ್ ವಾಪಸ್ ಕೊಡ್ತೀನಿ. ಒಂದು ಪ್ರಶ್ನೆ: ಎಣ್ಣೆ ಬದಲಾಯಿಸಬೇಕಾ? ಬಣ್ಣ ಕಪ್ಪಾಗಿದೆ. ಮಧ್ಯಾಹ್ನದ ಹೊತ್ತು ಟೆಂಪರೇಚರ್ ಮುಳ್ಳು ಮೇಲೇ ಇರುತ್ತೆ.

ದುರ್ಗದ_ಫಿಟ್ಟರ್

ಮೊದಲು ಕೂಲರ್ ನೋಡಿ. ಏಪ್ರಿಲ್‌ನಲ್ಲಿ ನಮ್ಮ ಕಡೆ 38-40 ಡಿಗ್ರಿ ಬಿಸಿಲು, ಜೊತೆಗೆ ಕೆರೆ ಹೂಳಿನ ಧೂಳು. ಕೂಲರ್ ಜಾಲರಿ ಹೊರಗಿನಿಂದ ಸ್ವಚ್ಛ ಕಾಣುತ್ತೆ, ರೇಡಿಯೇಟರ್‌ಗೂ ಅದಕ್ಕೂ ನಡುವೆ ಮಣ್ಣು ಮೆತ್ತಿಕೊಂಡಿರುತ್ತೆ. ಒಳಗಿಂದ ಹೊರಗೆ ಗಾಳಿ ಹೊಡೀರಿ, ಕನ್ನಡಕ ಹಾಕಿಕೊಂಡು. ಎಣ್ಣೆ 82 ಡಿಗ್ರಿ ದಾಟಿ ಓಡ್ತಾ ಇದ್ದರೆ ಸೀಲುಗಳ ರಬ್ಬರ್ ಗಟ್ಟಿಯಾಗುತ್ತೆ, ಎಣ್ಣೆಯೂ ಬೇಗ ಸಾಯುತ್ತೆ. ಕಪ್ಪು ಬಣ್ಣ, ಸುಟ್ಟ ವಾಸನೆ ಎರಡೂ ಇದ್ದರೆ ಬದಲಾಯಿಸಿ. ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ನೊರೆ ಇದ್ದರೆ ಸಕ್ಷನ್ ಕಡೆ ಎಲ್ಲೋ ಗಾಳಿ ಎಳೀತಿದೆ. 46 ಗ್ರೇಡ್ ಎಣ್ಣೆ ಹಾಕಬೇಕಾ 68 ಹಾಕಬೇಕಾ ಅಂತ ಗುಂಪಲ್ಲಿ ಕೇಳಬೇಡಿ, ಪುಸ್ತಕದಲ್ಲಿ ನಮ್ಮ ಉಷ್ಣಾಂಶಕ್ಕೆ ಏನಿದೆ ಅದೇ.

ವಾಲ್ವ್ ಬಿಚ್ಚೋವಾಗ ಬಾಯಿ ಮುಚ್ಚೋಕೆ ವೇಸ್ಟ್ ಬಟ್ಟೆ ತುರುಕಬೇಡಿ, ಪ್ಲಾಸ್ಟಿಕ್ ಕ್ಯಾಪ್ ಇರಲಿ. ನಮ್ಮ ಕಣ್ಣಿಗೆ ಕಾಣೋ ಧೂಳು ಹೆಚ್ಚುಕಡಿಮೆ 40 ಮೈಕ್ರಾನ್. ಸ್ಪೂಲಿನ ಸಂದು ಅದರ ಕಾಲುಭಾಗವೂ ಇರಲ್ಲ.

ಭೀಮಸಮುದ್ರ_ಗಣಿ_ಹಳಬ

ಒಂದು ಹಳೇ ಮಾತು. 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ನಮ್ಮ ಜಿಲ್ಲೆ ಗಣಿಗಳು ನಿಂತಾಗ ಎಷ್ಟೋ ಗಾಡಿ ನಿಂತಲ್ಲೇ ನಿಂತವು. ರಾಡ್ ಹೊರಗೆ ಚಾಚಿಕೊಂಡು ನಿಂತವುಗಳ ಕ್ರೋಮ್ ಮೇಲೆ ತುಕ್ಕಿನ ಚುಕ್ಕೆ ಎದ್ದಿತ್ತು. ಮತ್ತೆ ಚಾಲೂ ಮಾಡಿದಾಗ ಅದೇ ಚುಕ್ಕೆ ಸೀಲನ್ನ ಅರ ಹಾಕಿದ ಹಾಗೆ ತಿಂದು ಹಾಕಿತು. ಹೊಳಲ್ಕೆರೆಯವರು ವಾರ ನಿಲ್ಲಿಸ್ತೀನಿ ಅಂದ್ರಲ್ಲ, ಅಷ್ಟಕ್ಕೇನೂ ಆಗಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸೋರು ಹೊರಗಿರೋ ರಾಡಿಗೆ ಗ್ರೀಸ್ ಬಳಿದಿಡಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಪೇಂಟ್ ನೋಡಬೇಡಿ, ರಾಡ್ ಮೇಲೆ ಉಗುರು ಓಡಿಸಿ ನೋಡಿ. ಬಕೆಟ್ ನೆಲದ ಮೇಲಿದ್ದು, ಇಂಜಿನ್ ಆಫ್ ಇದ್ದಾಗ, ಡಾಕ್ಟ್ರು ಬೈಯೋಕೆ ಮುಂಚೆ ಹೇಳಿಬಿಡ್ತೀನಿ.

ಜಗಳೂರು_ಟಿಪ್ಪರ್

ಫಿಟ್ಟರಣ್ಣ, ನಮ್ಮ ಮಾವನ ಗಾಡಿ ಟ್ರ್ಯಾಕ್ ಚೈನ್ ತುಂಬಾ ಬಿಗಿ ಆಗಿದೆ. ಅದು ಗ್ರೀಸ್ ತಾನೇ, ನಿಪ್ಪಲ್ ಬಿಚ್ಚಿದರೆ ಸಡಿಲ ಆಗುತ್ತಾ?

ದುರ್ಗದ_ಫಿಟ್ಟರ್

ಗ್ರೀಸೇ, ಆದರೆ ಹಿಂದೆ ದೊಡ್ಡ ಸ್ಪ್ರಿಂಗ್ ಒತ್ತಿ ಕೂತಿರುತ್ತೆ. ಎಣ್ಣೆಗಿಂತ ಕಡಿಮೆ ಅಪಾಯ ಅಲ್ಲ. ನಿಪ್ಪಲ್ ಮುಟ್ಟಬೇಡಿ. ಕೆಳಗಿನ ವಾಲ್ವನ್ನ ನಿಧಾನಕ್ಕೆ ಸಡಿಲಿಸಿ, ಒಂದು ಸುತ್ತಿಗಿಂತ ಹೆಚ್ಚು ಬೇಡ. ಪೂರ್ತಿ ಬಿಚ್ಚಿದರೆ ಅದು ಗುಂಡಿನ ಹಾಗೆ ಹಾರುತ್ತೆ. ಮುಖ, ಕೈ, ಕಾಲು ಯಾವುದೂ ಅದರ ನೇರಕ್ಕೆ ಇರಬಾರದು. ಗ್ರೀಸ್ ಬರದಿದ್ದರೆ ಗಾಡಿನ ಮುಂದೆ ಹಿಂದೆ ಸ್ವಲ್ಪ ಓಡಿಸಿ, ಓಡಿಸುವಾಗ ಯಾರೂ ಹತ್ತಿರ ಬೇಡ. ಆಗಲೂ ಬರದಿದ್ದರೆ ಕೈ ಬಿಡಿ, ಸಿಲಿಂಡರ್ ಒಳಗೆ ಗ್ರೀಸ್ ಗಟ್ಟಿಯಾಗಿದೆ, ಅದು ಶೆಡ್ಡಿನ ಕೆಲಸ.

ಜಗಳೂರು_ಟಿಪ್ಪರ್

ಮಾವ ಆಗಲೇ ನಿಪ್ಪಲ್‌ಗೆ ಪಾನಾ ಹಾಕಿ ಕೂತಿದ್ದ. ಫೋನ್ ಮಾಡಿ ನಿಲ್ಲಿಸಿದೀನಿ.